ಹಳೆಯ ರೆಕಾರ್ಡುಗಳ ಕರಕರ ಸದ್ದು: ಮುದಿತನಕ್ಕಿಂತ ಕೊಳೆಯ ಪಾಲೇ ಹೆಚ್ಚು

ಮನೆಯ ಅಟ್ಟದಲ್ಲೋ, ಮರದ ಪೆಟ್ಟಿಗೆಯಲ್ಲೋ, ಗೋಡೆಯ ಕಪಾಟಿನ ತಳದಲ್ಲೋ ಗ್ರಾಮಫೋನು ರೆಕಾರ್ಡುಗಳ ಒಂದು ಕಟ್ಟು ನಮ್ಮ ಜಿಲ್ಲೆಯ ಹಲವು ಕುಟುಂಬಗಳಲ್ಲಿ ಇನ್ನೂ ಉಳಿದಿದೆ. ಪಿ. ಕಾಳಿಂಗರಾಯರ ಭಾವಗೀತೆ, ಪಂಡಿತ ಭೀಮಸೇನ ಜೋಶಿಯವರ ದಾಸರ ಪದ, ಪಿ.ಬಿ. ಶ್ರೀನಿವಾಸ್ ಮತ್ತು ಎಸ್. ಜಾನಕಿಯವರ ಚಿತ್ರಗೀತೆ, 1963ರಲ್ಲಿ ಹೊರಬಂದ ಎಂ.ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತ - ಹೀಗೆ ಒಂದೊಂದು ಮನೆಯಲ್ಲಿ ಒಂದೊಂದು ಬಗೆ. ಹಾಡಿಸಲು ಕುಳಿತರೆ ಮಾತ್ರ ಹಾಡಿಗಿಂತ ಮೊದಲು ಕೇಳುವುದು ಬಾಣಲೆಯಲ್ಲಿ ಸಾಸಿವೆ ಸಿಡಿದಂಥ ಸದ್ದು. "ಹಳತಾಯಿತು, ಇನ್ನು ಗುಜರಿಗೆ ಸರಿ" ಎಂಬ ತೀರ್ಮಾನಕ್ಕೆ ಮನೆಯವರು ಬರುವುದು ಹೆಚ್ಚಾಗಿ ಈ ಹಂತದಲ್ಲಿ.

ಆ ತೀರ್ಮಾನಕ್ಕೆ ಅವಸರ ಕೂಡದು. ಹಳೆಯ ರೆಕಾರ್ಡಿನ ಸದ್ದಿನಲ್ಲಿ ಬಹುಪಾಲು ತಟ್ಟೆ ಸವೆದುದರಿಂದ ಬಂದದ್ದಲ್ಲ. ಗೆರೆಯೊಳಗೆ ಕುಳಿತ ಧೂಳು, ಬೂಷ್ಟು, ಕೈಯ ಜಿಡ್ಡು, ಸಾಲದುದಕ್ಕೆ ಸ್ಥಿರ ವಿದ್ಯುತ್ತು - ಇವುಗಳಿಂದ ಬಂದದ್ದು. ಕೊಳೆಯನ್ನು ತೊಳೆಯಬಹುದು, ಸವಕಳಿಯನ್ನು ತೊಳೆಯಲಾಗದು. ಯಾವುದು ಯಾವುದೆಂದು ಕಿವಿಯಿಂದಲೇ ಗುರುತಿಸಿ, ಆಯಾ ಬಗೆಗೆ ತಕ್ಕ ಉಪಾಯವನ್ನು ಮಾತ್ರ ಮಾಡಬೇಕು. ಇಷ್ಟನ್ನು ತಿಳಿದುಕೊಂಡರೆ ಹೆಚ್ಚಿನ ರೆಕಾರ್ಡುಗಳು ಮತ್ತೆ ಹಾಡುತ್ತವೆ.

ಗಡಿನಾಡಿನ ಕನ್ನಡಿಗರಿಗೆ ಇದು ಕೇವಲ ಹವ್ಯಾಸದ ಮಾತಲ್ಲ. 1956ರ ನವಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಪೇಟೆಯ ಬೋರ್ಡು, ಕಚೇರಿಯ ಕಾಗದ, ಬಸ್ಸಿನ ಹಣೆಬರಹ ಎಲ್ಲವೂ ಒಂದೊಂದಾಗಿ ಬದಲಾದವು. ಮನೆಮಾತು ತುಳುವಿರಲಿ, ಹವ್ಯಕ ಕನ್ನಡವಿರಲಿ, ಕೊಂಕಣಿ, ಮರಾಠಿ ಇರಲಿ, ಚಾವಡಿಯಲ್ಲಿ ಕುಳಿತು ಎಲ್ಲರೂ ಒಟ್ಟಿಗೆ ಕೇಳಿದ ಹಾಡು ಮಾತ್ರ ಕನ್ನಡದ್ದಾಗಿ ಉಳಿದುದರಲ್ಲಿ ಈ ತಟ್ಟೆಗಳ ಪಾಲೂ ಇದೆ. ಪ್ರಸಿದ್ಧ ಚಿತ್ರಗೀತೆಗಳು ಇಂದು ಮೊಬೈಲಿನಲ್ಲಿಯೂ ಸಿಗುತ್ತವೆ, ನಿಜ. ಆದರೆ ಅಷ್ಟೇನೂ ಹೆಸರು ಮಾಡದ ಗಾಯಕರ ರೆಕಾರ್ಡುಗಳು, ನಾಟಕದ ಹಾಡುಗಳು, ಹರಿಕಥೆಯ ತುಣುಕುಗಳು ಎಲ್ಲವೂ ಹಾಗೆ ಸಿಗಲಾರವು. ಅಂಥದೊಂದು ತಟ್ಟೆ ನಿಮ್ಮಲ್ಲಿದ್ದರೆ ಅದೇ ಉಳಿದ ಕೊನೆಯ ಪ್ರತಿಗಳಲ್ಲೊಂದಾಗಿರಬಹುದು.

ಮೊದಲು ತಟ್ಟೆಯ ಜಾತಿ ತಿಳಿಯಿರಿ

ರೆಕಾರ್ಡುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗಳು ಅರಗಿನವು. ಅರಗು, ಕಲ್ಲಿನ ನುಣುಪು ಪುಡಿ, ಹತ್ತಿಯ ನಾರು, ಕಪ್ಪು ಬಣ್ಣ ಇವುಗಳನ್ನು ಬೆರೆಸಿ ಒತ್ತಿ ಮಾಡಿದವು. ಕೈಗೆ ಭಾರ, ಬಿದ್ದರೆ ಗಾಜಿನಂತೆ ಒಡೆಯುತ್ತವೆ. ನಮ್ಮ ದೇಶದಲ್ಲಿ 1960ರ ದಶಕದಲ್ಲಿಯೂ ಇವು ಬರುತ್ತಿದ್ದವು.

ಎರಡನೆಯದು ವಿನೈಲ್. 1948ರಲ್ಲಿ ಅಮೆರಿಕದ ಕೊಲಂಬಿಯ ಕಂಪೆನಿ ನಿಮಿಷಕ್ಕೆ 33⅓ ಸುತ್ತಿನ ಲಾಂಗ್ ಪ್ಲೇ ತಟ್ಟೆಯನ್ನು ತಂದಿತು, ಮರುವರ್ಷ ಆರ್.ಸಿ.ಎ. ಕಂಪೆನಿಯ 45 ಸುತ್ತಿನ ಚಿಕ್ಕ ತಟ್ಟೆ ಬಂತು. ಇವು ಹಗುರ, ಸ್ವಲ್ಪ ಬಾಗುತ್ತವೆ, ಸುಲಭದಲ್ಲಿ ಒಡೆಯುವುದಿಲ್ಲ. ನಮ್ಮ ಚಿತ್ರಗೀತೆಗಳ ಚಿಕ್ಕ ಇ.ಪಿ.ಗಳು ಈ ಜಾತಿಯವು.

ಈ ಭೇದ ಏಕೆ ಮುಖ್ಯವೆಂದರೆ, ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ. ಸ್ಪಿರಿಟ್ಟು ಅರಗನ್ನು ಕರಗಿಸುತ್ತದೆ. ಮರಕ್ಕೆ ಪಾಲಿಶ್ ಹಾಕುವವರು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸುವುದನ್ನು ಎಲ್ಲರೂ ಕಂಡಿದ್ದೇವೆ. 78ರ ತಟ್ಟೆಗೆ ಸ್ಪಿರಿಟ್ಟಿನ ಹತ್ತಿ ಮುಟ್ಟಿಸಿದರೆ ಕೊಳೆಯ ಜೊತೆಗೆ ಹಾಡೂ ಹೋಗುತ್ತದೆ. ಅಂಗಡಿಯಲ್ಲಿ ಸಿಗುವ ಶುಚಿದ್ರವಗಳಲ್ಲಿ ಹಲವಕ್ಕೆ ಸ್ಪಿರಿಟ್ಟು ಬೆರೆತಿರುವುದರಿಂದ ಬಾಟಲಿಯ ಮೇಲಿನ ಬರಹ ಓದದೆ ಉಪಯೋಗಿಸಬಾರದು.

ಕೂದಲಿಗಿಂತ ಕಿರಿದಾದ ತೋಡು

ತಟ್ಟೆಯ ಮೇಲಿನ ಗೆರೆ ಒಂದು ಕಿರಿದಾದ ತೋಡಿನಂತೆ ಹೊರ ಅಂಚಿನಿಂದ ನಡುವಿನವರೆಗೆ ಸುತ್ತಿ ಸುತ್ತಿ ಹರಿಯುತ್ತದೆ. ಲಾಂಗ್ ಪ್ಲೇ ತಟ್ಟೆಯ ಒಂದು ಬದಿಯ ಗೆರೆಯನ್ನು ಬಿಚ್ಚಿ ಉದ್ದಕ್ಕೆ ಹಾಸಿದರೆ ಸುಮಾರು ಅರ್ಧ ಕಿಲೋಮೀಟರ್ ಆದೀತು. ಅದರ ಅಗಲ ಮಾತ್ರ ಒಂದು ಮಿಲಿಮೀಟರಿನ 20ರಲ್ಲಿ ಒಂದು ಪಾಲಿನಷ್ಟು, ಅಂದರೆ ನಮ್ಮ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. 78ರ ಗೆರೆ ಇದರ ಸುಮಾರು ಮೂರು ಪಟ್ಟು ಅಗಲ.

ಈ ತೋಡಿನ ಎರಡೂ ದಂಡೆಗಳಲ್ಲಿ ಅತಿ ಸೂಕ್ಷ್ಮವಾದ ಅಂಕುಡೊಂಕು ಇದೆ. ಮುಳ್ಳು ಆ ಅಂಕುಡೊಂಕಿಗೆ ತಕ್ಕಂತೆ ಅಲುಗುತ್ತದೆ. ಆ ಅಲುಗಾಟವೇ ವಿದ್ಯುತ್ತಾಗಿ, ಸ್ಪೀಕರಿನಲ್ಲಿ ಹಾಡಾಗಿ ಕೇಳುತ್ತದೆ. ಹಾದಿಯಲ್ಲಿ ಒಂದು ಧೂಳಿನ ಕಣ ಸಿಕ್ಕಿದರೆ ಮುಳ್ಳು ಅದಕ್ಕೂ ಅಲುಗಲೇಬೇಕು. ಅದೇ ಟಿಕ್ ಎಂಬ ಸದ್ದು.

ಮುಳ್ಳಿನ ಭಾರ ಎರಡು ಗ್ರಾಂ ಮಾತ್ರವಿದ್ದರೂ ಅದು ನಿಲ್ಲುವ ಜಾಗ ಅತಿ ಚಿಕ್ಕದಾದುದರಿಂದ ಅಲ್ಲಿ ಬೀಳುವ ಒತ್ತಡ ಚದರ ಸೆಂಟಿಮೀಟರಿಗೆ ಟನ್ನುಗಳ ಲೆಕ್ಕದಲ್ಲಿರುತ್ತದೆ. ಮುರಕಲ್ಲಿನ ಧೂಳಿನಂಥ ಗಟ್ಟಿ ಕಣ ಆ ಒತ್ತಡದಲ್ಲಿ ಸಿಕ್ಕಿಕೊಂಡರೆ ಗೆರೆಯ ದಂಡೆಯನ್ನೇ ಕೆರೆದುಬಿಡುತ್ತದೆ. ತೊಳೆಯದ ತಟ್ಟೆಯನ್ನು ಹಾಡಿಸುತ್ತಲೇ ಇದ್ದರೆ ಇಂದಿನ ಕೊಳೆ ನಾಳೆಯ ಶಾಶ್ವತ ಗಾಯವಾಗುವುದು ಹೀಗೆ. ಆದಕಾರಣ ಪೆಟ್ಟಿಗೆಯಿಂದ ತೆಗೆದ ತಟ್ಟೆಯನ್ನು "ಹೇಗಿದೆ ನೋಡುವಾ" ಎಂದು ಕೂಡಲೇ ಮುಳ್ಳಿಗೆ ಒಡ್ಡಬಾರದು.

ಕಿವಿಯೇ ವೈದ್ಯ

ಶುಚಿಗೊಳಿಸಿದ ಮೇಲೂ ಸದ್ದು ಉಳಿದರೆ ಅದು ಯಾವ ಬಗೆಯದೆಂದು ಗುರುತಿಸಬೇಕು. ಇದಕ್ಕೆ ಸೆಕೆಂಡಿನ ಮುಳ್ಳಿರುವ ಗಡಿಯಾರ ಸಾಕು.

ಟಿಕ್, ಟಿಕ್ ಎಂದು ಸರಿಯಾದ ಅಂತರದಲ್ಲಿ ಸದ್ದು ಬರುತ್ತಿದ್ದರೆ ಅದು ಗೀರು. 33⅓ರ ತಟ್ಟೆ ಒಂದು ಸುತ್ತಿಗೆ 1.8 ಸೆಕೆಂಡು ತೆಗೆದುಕೊಳ್ಳುತ್ತದೆ. 45ರದ್ದು ಸುಮಾರು 1.3 ಸೆಕೆಂಡು, 78ರದ್ದು ಮುಕ್ಕಾಲು ಸೆಕೆಂಡಿಗೆ ತುಸು ಹೆಚ್ಚು. ಸದ್ದಿನ ಅಂತರ ಇದಕ್ಕೆ ಹೊಂದಿದರೆ ಗೆರೆಗಳಿಗೆ ಅಡ್ಡವಾಗಿ ಗೀರು ಬಿದ್ದಿದೆಯೆಂದು ತಿಳಿಯಬೇಕು. ಇದನ್ನು ತೊಳೆದು ತೆಗೆಯಲಾಗದು.

ಸದ್ದು ಅಲ್ಲಲ್ಲಿ ಬಂದು, ಮರಳಿ ಹಾಡಿಸಿದಾಗ ಅದೇ ಜಾಗಗಳಲ್ಲಿ ಕೇಳಿದರೆ ಅದು ಅಂಟಿಕೊಂಡ ಕೊಳೆ ಅಥವಾ ಬೂಷ್ಟು. ತೊಳೆದರೆ ಬಹುಮಟ್ಟಿಗೆ ಹೋಗುತ್ತದೆ.

ಸದ್ದು ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ ಚಟಪಟ ಎಂದರೆ ಅದು ಸ್ಥಿರ ವಿದ್ಯುತ್ತಿನ ಕಿಡಿ, ಇಲ್ಲವೆ ಆಗತಾನೆ ಕುಳಿತ ಸಡಿಲ ಧೂಳು.

ಎಡೆಬಿಡದೆ ಸುಯ್ಯೆಂಬ ಸದ್ದು ಬಂದು, ಎತ್ತರದ ಸ್ವರಗಳಲ್ಲಿ, "ಸ" ಕಾರ "ಶ" ಕಾರಗಳಲ್ಲಿ ಒಡಕು ಕೇಳಿದರೆ ಅದು ನಿಜವಾದ ಸವಕಳಿ. ಹಿಂದೆಂದೋ ಸವೆದ ಮುಳ್ಳಿನಿಂದ, ಹೆಚ್ಚು ಭಾರದಿಂದ ಹಾಡಿಸಿದ್ದರ ಫಲ. ತಟ್ಟೆಯ ಒಳಗಿನ ಸುತ್ತುಗಳಲ್ಲಿ ಇದು ಹೆಚ್ಚು. ಗುಂಯ್ಯೆಂಬ ಒಂದೇ ಸಮನೆಯ ನಾದವಾದರೆ ತಟ್ಟೆಯ ದೋಷವೇ ಅಲ್ಲ. ತಂತಿಯ ಜೋಡಣೆ, ಅರ್ಥಿಂಗ್ ನೋಡಿಸಬೇಕು.

ಮಳೆಗಾಲದ ಶತ್ರು: ಬೂಷ್ಟು

ರೆಕಾರ್ಡುಗಳ ಆರೈಕೆಯ ಬಗ್ಗೆ ಹೊರದೇಶದ ಪುಸ್ತಕಗಳು ಮೊದಲು ಹೇಳುವುದು ಸ್ಥಿರ ವಿದ್ಯುತ್ತಿನ ಮಾತು. ಅಲ್ಲಿನ ಒಣ ಚಳಿಗಾಲಕ್ಕೆ ಅದು ಸರಿ. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಮೊದಲ ಶತ್ರು ಬೂಷ್ಟು. ಗಾಳಿಯ ತೇವಾಂಶ ಶೇಕಡಾ 65-70 ದಾಟಿ ನಿಂತಿತೆಂದರೆ ಅದು ಬೆಳೆಯಲು ತೊಡಗುತ್ತದೆ. ಆಷಾಢ, ಶ್ರಾವಣಗಳಲ್ಲಿ ನಮ್ಮ ಮನೆಗಳ ಒಳಗೆ ತೇವ ಅದಕ್ಕಿಂತ ಕೆಳಗಿಳಿಯುವುದೇ ಅಪರೂಪ.

ಬೂಷ್ಟಿಗೆ ವಿನೈಲ್ ಆಹಾರವಲ್ಲ. ಅದು ತಿನ್ನುವುದು ತಟ್ಟೆಯ ಮೇಲಿನ ಕೈಜಿಡ್ಡನ್ನು, ಧೂಳನ್ನು, ಒಳಚೀಲದ ಕಾಗದವನ್ನು, ಹೊರಹೊದಿಕೆಯ ಅಂಟನ್ನು. ಬಿಳಿಯ ಅಥವಾ ಬೂದು ಬಣ್ಣದ ಚುಕ್ಕೆ, ಜೇಡನ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಅರಗಿನ ತಟ್ಟೆಗೆ ಹಾನಿ ಇನ್ನೂ ಹೆಚ್ಚು, ಏಕೆಂದರೆ ಅದರಲ್ಲಿರುವ ಸಾವಯವ ವಸ್ತುಗಳೂ ಬೂಷ್ಟಿಗೆ ಆಹಾರವಾಗಬಲ್ಲವು.

ಬೂಷ್ಟು ಹಿಡಿದ ತಟ್ಟೆಗಳನ್ನು ಮೊದಲು ಬೇರೆಯವುಗಳಿಂದ ಪ್ರತ್ಯೇಕಿಸಿ. ಒಣ ಹವೆಯ ದಿನ ನೋಡಿ, ಜಗಲಿಯ ನೆರಳಿನಲ್ಲಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಮೆತ್ತನೆಯ ಬ್ರಶ್ಶಿನಿಂದ ಗೆರೆ ಹೋದ ದಿಕ್ಕಿನಲ್ಲೇ ಮೆಲ್ಲನೆ ತೆಗೆಯಿರಿ. ಕೋಣೆಯೊಳಗೆ ಈ ಕೆಲಸ ಮಾಡಿದರೆ ಬೂಷ್ಟಿನ ಬೀಜಕಣಗಳು ಮನೆಯೆಲ್ಲ ಹರಡುತ್ತವೆ. ಉಬ್ಬಸದವರು ಇದರ ಹತ್ತಿರ ಬರಬಾರದು. ಹಳೆಯ ಒಳಚೀಲವನ್ನು ಸುಟ್ಟುಬಿಡಿ. ಚಿತ್ರವಿರುವ ಹೊರಹೊದಿಕೆಯನ್ನು ಎಸೆಯುವುದು ಬೇಡ. ಒಣ ಬಟ್ಟೆಯಿಂದ ಒರೆಸಿ, ಗಾಳಿಯಾಡುವಲ್ಲಿ ನಿಲ್ಲಿಸಿ.

ಬಿಳಿ ಕಂಡದ್ದೆಲ್ಲ ಬೂಷ್ಟಲ್ಲವೆಂಬ ಎಚ್ಚರವೂ ಬೇಕು. ಆಕಾಶವಾಣಿಗಳಲ್ಲಿ, ಸ್ಟುಡಿಯೋಗಳಲ್ಲಿ ನೇರವಾಗಿ ಮುದ್ರಿಸುತ್ತಿದ್ದ ಒಂದು ಬಗೆಯ ತಟ್ಟೆಗಳುಂಟು. ಅಲ್ಯುಮಿನಿಯಮ್ ಹಾಳೆಯ ಮೇಲೆ ಲ್ಯಾಕರ್ ಬಳಿದು ಮಾಡಿದವು. ಅಂಚಿನಲ್ಲಿ ಲೋಹ ಕಾಣಿಸುತ್ತದೆ. ಇವುಗಳ ಮೇಲೆ ಜಿಡ್ಡುಜಿಡ್ಡಾದ ಬಿಳಿ ಪುಡಿ ಎದ್ದರೆ ಅದು ಲ್ಯಾಕರ್ ಕೆಡುತ್ತಿರುವ ಲಕ್ಷಣ. ಇಂಥವು ಒಂದೇ ಪ್ರತಿ ಇರುವಂಥವು. ಮನೆಯಲ್ಲಿ ತೊಳೆಯದೆ ತಿಳಿದವರ ಕೈಗೆ ಕೊಡುವುದು ಲೇಸು.

ಬೇಸಗೆಯ ಶತ್ರು: ಸ್ಥಿರ ವಿದ್ಯುತ್ತು

ಮಳೆ ಹೋಗಿ ಮೂಡು ಗಾಳಿ ಬೀಸತೊಡಗಿದ ಮೇಲೆ ಇನ್ನೊಂದು ತೊಂದರೆ. ವಿನೈಲ್ ವಿದ್ಯುತ್ತನ್ನು ಹರಿಯಗೊಡದ ವಸ್ತು. ಒಳಚೀಲದಿಂದ ಎಳೆಯುವಾಗ, ಒಣ ಬಟ್ಟೆಯಿಂದ ಉಜ್ಜುವಾಗ ಅದರ ಮೈಯಲ್ಲಿ ವಿದ್ಯುತ್ತು ತುಂಬುತ್ತದೆ. ಹೋಗಲು ದಾರಿಯಿಲ್ಲದೆ ಗಂಟೆಗಟ್ಟಲೆ ಅಲ್ಲೇ ಉಳಿಯುತ್ತದೆ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರನ್ನು ಸೆಳೆಯುವಂತೆ ಆ ತಟ್ಟೆ ಕೋಣೆಯ ಧೂಳನ್ನೆಲ್ಲ ತನ್ನ ಮೇಲೆ ಎಳೆದುಕೊಳ್ಳುತ್ತದೆ. ಊದಿದರೂ ಹೋಗದು, ಒರೆಸಿದಷ್ಟೂ ಹೆಚ್ಚು. ಹವಾನಿಯಂತ್ರಿತ ಕೋಣೆಗಳಲ್ಲಿ ಗಾಳಿ ಇನ್ನೂ ಒಣ. ಗಲ್ಫಿಗೆ ಹೋದವರು ಮನೆಯ ರೆಕಾರ್ಡುಗಳನ್ನು ಜೊತೆಗೆ ಕೊಂಡುಹೋದರೆ ಬೂಷ್ಟಿನಿಂದ ಪಾರಾಗಿ ಈ ಕಾಟಕ್ಕೆ ಸಿಕ್ಕುವುದುಂಟು.

ಉಪಾಯಗಳು ಕಷ್ಟದವೇನಲ್ಲ. ತಟ್ಟೆಯನ್ನು ಚೀಲದಿಂದ ಸರ್ರನೆ ಎಳೆಯದೆ, ಚೀಲದ ಬಾಯಿ ಅಗಲಿಸಿ ಮೆಲ್ಲನೆ ಜಾರಿಸಿ ತೆಗೆಯಬೇಕು. ಒಣ ಬಟ್ಟೆಯಿಂದ, ಅದರಲ್ಲೂ ನೈಲಾನ್, ಪಾಲಿಯೆಸ್ಟರ್ ಬಟ್ಟೆಯಿಂದ ಎಂದೂ ಒರೆಸಕೂಡದು. ಇಂಗಾಲದ ನಾರಿನ ಬ್ರಶ್ಶು ಈಗ ಪೇಟೆಯಲ್ಲಿ ಸಿಗುತ್ತದೆ. ಇಂಗಾಲದ ಮೂಲಕ ವಿದ್ಯುತ್ತು ಹರಿಯುವುದರಿಂದ, ಬ್ರಶ್ಶಿನ ಲೋಹದ ಹಿಡಿಯನ್ನು ಹಿಡಿದು ತಿರುಗುವ ತಟ್ಟೆಗೆ ಎರಡು ಸುತ್ತು ತಾಗಿಸಿದರೆ ಸಡಿಲ ಧೂಳೂ ವಿದ್ಯುತ್ತೂ ಒಟ್ಟಿಗೆ ಹೋಗುತ್ತವೆ. ಝೀರೋಸ್ಟಾಟ್ ಎಂಬ ಪಿಸ್ತೂಲಿನಾಕಾರದ ಸಲಕರಣೆಯೂ ಉಂಟು. ಅದರ ಕುದುರೆಯನ್ನು ನಿಧಾನವಾಗಿ ಒತ್ತಿದಾಗ ಧನ ಅಯಾನುಗಳು, ಬಿಟ್ಟಾಗ ಋಣ ಅಯಾನುಗಳು ಹೊರಟು ತಟ್ಟೆಯ ವಿದ್ಯುತ್ತನ್ನು ತಣಿಸುತ್ತವೆ. ಅದಕ್ಕೆ ಬ್ಯಾಟರಿ ಬೇಡ; ಒಳಗಿನ ಹರಳೇ ಒತ್ತಡದಿಂದ ವಿದ್ಯುತ್ತು ಹುಟ್ಟಿಸುತ್ತದೆ.

ಇದಾವುದೂ ಇಲ್ಲದವರು ಕೋಣೆಯಲ್ಲಿ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಟ್ಟರೂ ಸ್ವಲ್ಪ ಪ್ರಯೋಜನವುಂಟು. ಪ್ಲೇಯರಿನ ಮೇಲಿನ ಹಾಸು ಉಣ್ಣೆಯದಾಗಿದ್ದು ತಟ್ಟೆಯೊಂದಿಗೆ ಅಂಟಿಕೊಂಡು ಮೇಲೇಳುತ್ತಿದ್ದರೆ ಅದನ್ನು ಬಿಟ್ಟು ತೊಗಲು ಅಥವಾ ಕಾರ್ಕಿನ ಹಾಸು ಹಾಕಬಹುದು.

ತೊಳೆಯುವ ಕ್ರಮ

ಸಡಿಲ ಧೂಳಿಗೆ ಬ್ರಶ್ಶು ಸಾಕು. ಗೆರೆಯೊಳಗೆ ಅಂಟಿದ ಕೊಳೆಗೆ ನೀರೇ ಬೇಕು. ಆದರೆ ಬಾವಿಯ ನೀರು, ನಳ್ಳಿಯ ನೀರು ಬೇಡ. ಅದರಲ್ಲಿ ಕರಗಿದ ಲವಣಗಳು, ನಮ್ಮಲ್ಲಿ ಕೆಲವೆಡೆ ಕಬ್ಬಿಣದ ಅಂಶವೂ, ನೀರು ಆರಿದ ಮೇಲೆ ಗೆರೆಯಲ್ಲೇ ಉಳಿಯುತ್ತವೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಳ್ಳೆಯದು. ಮುಚ್ಚಳದ ಮುದ್ರೆ ಒಡೆಯದ ಹೊಸ ಕ್ಯಾನ್ ತನ್ನಿ. ಅದು ಬರಿಯ ನೀರೇ ಹೊರತು ಬ್ಯಾಟರಿಯ ಆಸಿಡ್ ಅಲ್ಲವೆಂದು ನೋಡಿಕೊಳ್ಳಿ.

ವಿನೈಲ್ ತಟ್ಟೆಗೆ ಕ್ರಮ ಹೀಗೆ:

ಒಂದು ಲೀಟರ್ ನೀರಿಗೆ ಪಾತ್ರೆ ತೊಳೆಯುವ ತಿಳಿಯಾದ ದ್ರವದ ನಾಲ್ಕೈದು ಹನಿ ಮಾತ್ರ ಬೆರೆಸಿ. ಬರಿಯ ನೀರು ಕೆಸುವಿನ ಎಲೆಯ ಮೇಲಿನಂತೆ ಗುಂಡಗೆ ನಿಲ್ಲುತ್ತದೆ, ಗೆರೆಯೊಳಗೆ ಇಳಿಯುವುದಿಲ್ಲ. ಅದನ್ನು ಇಳಿಸುವುದಷ್ಟೇ ಈ ಹನಿಗಳ ಕೆಲಸ. ನೊರೆ ಬರಬೇಕೆಂದು ಹೆಚ್ಚು ಹಾಕಬಾರದು.

ಸ್ವಚ್ಛವಾದ ದಪ್ಪ ಬಟ್ಟೆಯ ಮೇಲೆ ತಟ್ಟೆಯನ್ನಿಟ್ಟು, ನಡುವಿನ ಕಾಗದದ ಲೇಬಲು ಒದ್ದೆಯಾಗದಂತೆ ಜಾಗ್ರತೆ ವಹಿಸಿ. ಮಖಮಲ್ಲಿನ ತುಂಡನ್ನು ಈ ನೀರಿನಲ್ಲಿ ಅದ್ದಿ, ಹಿಂಡಿ, ಗೆರೆ ಹೋದ ದಿಕ್ಕಿನಲ್ಲಿ ಸುತ್ತಲೂ ಹಗುರವಾಗಿ ಒರೆಸಿ. ನಡುವಿನಿಂದ ಅಂಚಿಗೆ ಅಡ್ಡವಾಗಿ ಒರೆಸಬಾರದು. ಹಾಗೆ ಮಾಡಿದರೆ ಕೊಳೆಯೇ ಮರಳುಕಾಗದವಾಗುತ್ತದೆ. ಬಳಿಕ ಬೇರೆ ಬಟ್ಟೆ, ಬರಿಯ ಡಿಸ್ಟಿಲ್ಡ್ ನೀರು. ಹೀಗೆ ಎರಡು ಬಾರಿ ಒರೆಸಿ ಸಾಬೂನಿನ ಅಂಶವನ್ನು ಪೂರ್ತಿ ತೆಗೆಯಬೇಕು. ಈ ಎರಡನೆಯ ಹಂತವನ್ನು ಬಿಟ್ಟರೆ ತೊಳೆದದ್ದಕ್ಕಿಂತ ತೊಳೆಯದಿದ್ದುದೇ ಮೇಲು ಎಂಬಂತಾಗುತ್ತದೆ.

ಆಮೇಲೆ ಪಾತ್ರೆ ಆರಿಸುವ ಸ್ಟಾಂಡಿನಲ್ಲಿ ತಟ್ಟೆಯನ್ನು ನಿಲ್ಲಿಸಿ ನೆರಳಿನಲ್ಲಿ ಆರಬಿಡಿ. ಅಂಗಳದಲ್ಲಿ ಅಡಿಕೆ ಹರಡಿದಂತೆ ಬಿಸಿಲಿಗೆ ಹಾಕಿದರೆ ವಿನೈಲ್ ಹಪ್ಪಳದಂತೆ ಸೊಟ್ಟಗಾಗುವುದು ನಿಶ್ಚಯ. ಪೂರ್ತಿ ಆರದೆ ಚೀಲಕ್ಕೆ ಹಾಕಿದರೆ ಬೂಷ್ಟನ್ನು ನಾವೇ ಕರೆದಂತೆ. ಆದುದರಿಂದ ತೊಳೆಯುವ ಕೆಲಸವನ್ನು ಜನವರಿಯಿಂದ ಎಪ್ರಿಲಿನ ಒಳಗೆ ಮುಗಿಸಿಕೊಳ್ಳುವುದು ಉತ್ತಮ. ತೊಳೆದ ತಟ್ಟೆಯನ್ನು ಮೊದಲ ಸಲ ಹಾಡಿಸುವಾಗ ಸಡಿಲಗೊಂಡ ಕೊಳೆ ಮುಳ್ಳಿನ ತುದಿಗೆ ಸುತ್ತಿಕೊಳ್ಳುತ್ತದೆ. ಅದನ್ನು ತೆಗೆದು ಎರಡನೆಯ ಸಲ ಹಾಡಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

78ರ ಅರಗಿನ ತಟ್ಟೆಗೂ ಇದೇ ಕ್ರಮ, ಆದರೆ ಅವಸರ ಬೇಕು. ಅರಗಿನ ಒಳಗಿರುವ ನಾರು, ಪುಡಿಗಳು ನೀರು ಹೀರುತ್ತವೆ. ನೆನೆಹಾಕಬಾರದು, ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿದ ಕೂಡಲೇ ಒಣ ಹತ್ತಿ ಬಟ್ಟೆಯಿಂದ ತೇವ ತೆಗೆಯಬೇಕು. ಬಿರುಕು ಬಿಟ್ಟ, ಪದರು ಎದ್ದ ತಟ್ಟೆಗೆ ನೀರು ಮುಟ್ಟಿಸುವುದೇ ಬೇಡ. ಯಾವ ಜಾತಿಯ ತಟ್ಟೆಯೇ ಇರಲಿ, ಮೊದಲು ಹೋದರೂ ಬೇಸರವಿಲ್ಲದಂಥ ಒಂದನ್ನು ತೊಳೆದು ಕೈ ಪಳಗಿಸಿಕೊಳ್ಳಿ; ಅಜ್ಜನ ಕಾಲದ ಅಪರೂಪದ ತಟ್ಟೆಗೆ ಆಮೇಲೆ ಕೈ ಹಾಕಬಹುದು.

ಮಾಡಬಾರದ ಕೆಲವು ಕೆಲಸ

ಹೊಳಪು ಬರಲೆಂದು ತೆಂಗಿನೆಣ್ಣೆ ಸವರುವವರುಂಟು. ತಟ್ಟೆ ಹೊಳೆಯುತ್ತದೆ, ಸದ್ದೂ ಒಂದು ದಿನ ಕಡಿಮೆಯಾದಂತೆ ಕೇಳುತ್ತದೆ. ಆಮೇಲೆ ಎಣ್ಣೆ ಧೂಳನ್ನು ಹಿಡಿದು ಮೆತ್ತುತ್ತದೆ, ಬೂಷ್ಟಿಗೂ ಊಟವಾಗುತ್ತದೆ. ಸೀಮೆಎಣ್ಣೆ, ಪೆಟ್ರೋಲು, ಥಿನ್ನರ್ ಸರ್ವಥಾ ಕೂಡದು. ಅಂಟುವಾಳದ ನೀರು ರೇಶ್ಮೆ ಸೀರೆಗೆ ಒಳ್ಳೆಯದಿರಬಹುದು. ರೆಕಾರ್ಡಿನ ಗೆರೆಯಲ್ಲಿ ಅದರ ಕಸ ಉಳಿಯುತ್ತದೆ.

ಮರದ ಕೆಲಸದ ಬಿಳಿ ಅಂಟನ್ನು ತಟ್ಟೆಯ ಮೇಲೆ ಬಳಿದು, ಆರಿದ ಮೇಲೆ ಸಿಪ್ಪೆಯಂತೆ ಸುಲಿಯುವ ಉಪಾಯವೂ ಈಚೆಗೆ ಪ್ರಚಾರದಲ್ಲಿದೆ. ವಿನೈಲಿನಲ್ಲಿ ಕೆಲವರಿಗೆ ಫಲಿಸಿದ್ದುಂಟು. ಆದರೆ ಒಂದೊಂದು ಅಂಟಿನ ಗುಣ ಒಂದೊಂದು. ಸುಲಿಯದೆ ಉಳಿದರೆ ತಟ್ಟೆ ಅಲ್ಲಿಗೆ ಮುಗಿಯಿತು. ಅರಗಿನ ತಟ್ಟೆಗಂತೂ ಯೋಚಿಸಲೂ ಬಾರದು. ತಟ್ಟೆಯನ್ನು ಒದ್ದೆಯಾಗಿಯೇ ಹಾಡಿಸುವ ಪದ್ಧತಿ ಯುರೋಪಿನಲ್ಲಿ 1970ರ ದಶಕದಲ್ಲಿ ಚಾಲ್ತಿಯಲ್ಲಿತ್ತು. ಆಗ ಸದ್ದು ಕಡಿಮೆಯಾಗುವುದು ನಿಜ. ಆದರೆ ಒಮ್ಮೆ ಹಾಗೆ ಹಾಡಿಸಿದ ತಟ್ಟೆ ಆಮೇಲೆ ಒಣಗಿದಾಗ ಮೊದಲಿಗಿಂತ ಹೆಚ್ಚು ಗದ್ದಲ ಮಾಡುತ್ತದೆಂಬುದು ಅನೇಕರ ಅನುಭವ.

ಮುಳ್ಳು ಸರಿಯಿದೆಯೆ?

ತಟ್ಟೆಯನ್ನು ಎಷ್ಟು ತೊಳೆದರೂ ಮುಳ್ಳು ಕೆಟ್ಟಿದ್ದರೆ ಪ್ರಯೋಜನವಿಲ್ಲ. ವಜ್ರದ ಮುಳ್ಳು ಐನೂರರಿಂದ ಸಾವಿರ ಗಂಟೆ ಬಾಳಿದರೆ, ಹಳೆಯ ಚಿಕ್ಕ ಪ್ಲೇಯರುಗಳಲ್ಲಿದ್ದ ನೀಲಮಣಿಯ ಮುಳ್ಳು ಐವತ್ತು ಗಂಟೆಯ ಆಸುಪಾಸಿನಲ್ಲೇ ಸವೆಯುತ್ತದೆ. ಸವೆದ ಮುಳ್ಳು ಉಳಿಯಂತೆ ಗೆರೆಯನ್ನು ಕೆತ್ತುತ್ತದೆ. ವರ್ಷಗಳಿಂದ ಮೂಲೆಯಲ್ಲಿದ್ದ ಪ್ಲೇಯರನ್ನು ಮತ್ತೆ ಹಚ್ಚುವವರು ಮೊದಲು ಹೊಸ ಮುಳ್ಳು ಹಾಕಿಸತಕ್ಕದ್ದು.

ಮುಳ್ಳಿನ ಅಳತೆಯೂ ಮುಖ್ಯ. ಲಾಂಗ್ ಪ್ಲೇ ತಟ್ಟೆಯ ಮುಳ್ಳಿನ ತುದಿಯ ತ್ರಿಜ್ಯ 0.018 ಮಿಲಿಮೀಟರಿನ ಹತ್ತಿರ. 78ಕ್ಕೆ ಬೇಕಾದದ್ದು 0.065ರಿಂದ 0.075 ಮಿಲಿಮೀಟರ್. ಚಿಕ್ಕ ಮುಳ್ಳಿನಲ್ಲಿ 78 ಹಾಡಿಸಿದರೆ ಅದು ತೋಡಿನ ದಂಡೆಗೆ ತಾಗದೆ ತಳದ ಕಸದಲ್ಲೇ ಹೊರಳುತ್ತದೆ. "ನಮ್ಮ 78 ಬರೀ ಗೊರಗೊರ" ಎನ್ನುವ ಹಲವರ ದೂರಿಗೆ ಕಾರಣ ಇಷ್ಟೇ.

ಭಾರ ಹೆಚ್ಚಾದರೆ ಸವಕಳಿ. ತೀರ ಕಡಿಮೆಯಾದರೆ ಮುಳ್ಳು ಗೆರೆಯಲ್ಲಿ ನಿಲ್ಲದೆ ಕುಣಿದು ಅದೂ ಹಾನಿಯೇ. ಕಾರ್ಟ್ರಿಜ್ ತಯಾರಿಸಿದವರು ಹೇಳಿದ ಭಾರವನ್ನೇ ಇಡಬೇಕು. ಮುಳ್ಳನ್ನು ಶುಚಿ ಮಾಡುವಾಗ ಚಿಕ್ಕ ಬ್ರಶ್ಶನ್ನು ಹಿಂದಿನಿಂದ ಮುಂದಕ್ಕೆ ಮಾತ್ರ ಎಳೆಯಿರಿ, ಬೆರಳು ತಾಗಿಸಬೇಡಿ.

ಇನ್ನೊಂದು ಖರ್ಚಿಲ್ಲದ ಉಪಾಯ. ಹಳೆಯ ರೆಕಾರ್ಡುಗಳು ಸ್ಟೀರಿಯೋ ಅಲ್ಲದ ಮೊನೊ ಆಗಿದ್ದರೆ, ಆಂಪ್ಲಿಫಯರಿನಲ್ಲಿ "ಮೊನೊ" ಎಂಬ ಸ್ವಿಚ್ಚಿದ್ದಲ್ಲಿ ಅದನ್ನು ಒತ್ತಿ. ಮೊನೊ ಹಾಡು ಗೆರೆಯ ಅಡ್ಡಸಾಗಿನಲ್ಲಿ ಮಾತ್ರ ಇರುತ್ತದೆ. ತಳದ ಧೂಳು ಮುಳ್ಳನ್ನು ಮೇಲೆ ಕೆಳಗೆ ಕುಣಿಸಿದ್ದರಿಂದ ಬಂದ ಸದ್ದು ಈ ಸ್ವಿಚ್ಚಿನಿಂದ ಬಹಳಷ್ಟು ಅಡಗುತ್ತದೆ. ಹಾಡು ಒಂದೇ ಕಡೆ ನಿಂತು ಮತ್ತೆ ಮತ್ತೆ ಬರುತ್ತಿದ್ದರೆ ಕೂಡಲೇ ಗೀರೆಂದು ಕೈಬಿಡದೆ ಭೂತಗನ್ನಡಿಯಲ್ಲಿ ಆ ಜಾಗ ನೋಡಿ. ಅಂಟಿದ ಒಂದು ಕಣವೇ ಅಡ್ಡವಾಗಿರುವುದು ಅಪರೂಪವೇನಲ್ಲ.

ಇಡುವ ಜಾಗ

ಅಟ್ಟ ರೆಕಾರ್ಡುಗಳಿಗೆ ಯೋಗ್ಯ ಸ್ಥಳವಲ್ಲ. ಎಪ್ರಿಲ್ ತಿಂಗಳಲ್ಲಿ ಹಂಚಿನ ಮಾಡಿನ ಕೆಳಗೆ ಕಾವು ಹೆಚ್ಚು; ಅಡುಗೆಮನೆಯ ಹೊಗೆ ಏರುವುದೂ ಅಲ್ಲಿಗೇ. ದೇವರಕೋಣೆಯ ಪಕ್ಕವೂ ಬೇಡ. ಊದುಬತ್ತಿಯ ಹೊಗೆಯ ಜಿಡ್ಡು ತಟ್ಟೆಯ ಮೇಲೆ ಕೂರುತ್ತದೆ. ಮಳೆಗೆ ತೇವ ಹೀರುವ ಗೋಡೆಗೆ ತಾಗದಂತೆ, ಒಳಕೋಣೆಯ ಕಪಾಟಿನಲ್ಲಿ, ನೆಲದಿಂದ ಎತ್ತರದಲ್ಲಿ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಿದರೆ ವಿನೈಲ್ ಸೊಟ್ಟಗಾಗುತ್ತದೆ, ಅರಗು ಒಡೆಯುತ್ತದೆ. ಒಳಚೀಲ ಮೆತ್ತನೆಯ ಪಾಲಿಥೀನಿನದು ಒಳ್ಳೆಯದು; ಗಡುಸಾದ ಪಿ.ವಿ.ಸಿ. ಚೀಲ ವರ್ಷಗಟ್ಟಲೆ ತಾಗಿಕೊಂಡಿದ್ದರೆ ತಟ್ಟೆಯ ಮೇಲೆ ಮಬ್ಬು ಹಿಡಿಯುತ್ತದೆ. ತಟ್ಟೆಯನ್ನು ಹಿಡಿಯುವಾಗ ಅಂಚು ಮತ್ತು ಲೇಬಲು ಮಾತ್ರ. ಗೆರೆಗೆ ಬೆರಳು ತಾಗಕೂಡದು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಕಪಾಟು ತೆರೆದು ನೋಡಿದರೆ ಬೂಷ್ಟನ್ನು ಮೊಳಕೆಯಲ್ಲೇ ಹಿಡಿಯಬಹುದು.

ಪ್ರತಿ ತೆಗೆದಿಡಿ

ಇಷ್ಟೆಲ್ಲ ಮಾಡಿದ ಮೇಲೆ ಒಂದು ಕೆಲಸ ಉಳಿಯಿತು. ಎಷ್ಟೇ ಜಾಗ್ರತೆಯಿಂದ ಹಾಡಿಸಿದರೂ ಪ್ರತಿ ಸಲ ಸ್ವಲ್ಪ ಸವೆಯುವುದು ತಪ್ಪದು. ಆದ್ದರಿಂದ ಶುಚಿಯಾದ ತಟ್ಟೆಯನ್ನು ಒಳ್ಳೆಯ ಮುಳ್ಳಿನಿಂದ ಹಾಡಿಸಿ ಕಂಪ್ಯೂಟರಿಗೆ ಇಳಿಸಿಡಬೇಕು. 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ, ಕುಗ್ಗಿಸದ ವೇವ್ ಫೈಲಾಗಿ ಉಳಿಸಿದರೆ ಉತ್ತಮ. ತೊಳೆಯದೆ ಮುದ್ರಿಸಿ ಆಮೇಲೆ ಕಂಪ್ಯೂಟರಿನಲ್ಲಿ ಸದ್ದು ತೆಗೆಯೋಣ ಎಂಬ ಸೋಮಾರಿತನ ಬೇಡ. ಆಡಾಸಿಟಿಯಂಥ ಪುಕ್ಕಟೆ ಪ್ರೋಗ್ರಾಮಿನಲ್ಲಿಯೂ ಟಿಕ್ ಸದ್ದು ತೆಗೆಯುವ ಸೌಕರ್ಯವಿದೆ. ಆದರೆ ಯಂತ್ರಕ್ಕೆ ಧೂಳಿನ ಟಿಕ್ ಯಾವುದು, ತಾಳದ ಪೆಟ್ಟು ಯಾವುದು ಎಂಬ ವಿವೇಕವಿಲ್ಲ. ಹೆಚ್ಚು ತಿಕ್ಕಿದರೆ ಮೃದಂಗದ ಚಾಪು, ತಾಳದ ಝಣತ್ಕಾರ, "ಸ" ಕಾರದ ಹರಿತ ಎಲ್ಲವೂ ಸಪ್ಪೆಯಾಗುತ್ತವೆ. ಮೂಲ ಮುದ್ರಣವನ್ನು ಹಾಗೆಯೇ ಇಟ್ಟು, ಅದರ ಇನ್ನೊಂದು ಪ್ರತಿಯ ಮೇಲೆ ಮಾತ್ರ ಈ ಕೆಲಸ ಮಾಡತಕ್ಕದ್ದು.

ಫೈಲಿನ ಹೆಸರಿನಲ್ಲಿ ಲೇಬಲಿನ ನಂಬರು, ಹಾಡಿದವರು, ಬರೆದವರು, ಯಾವ ಬದಿ ಎಂಬುದನ್ನು ಕನ್ನಡದಲ್ಲಿ ಬರೆದಿಡಿ. ಲೇಬಲಿನ ಒಂದು ಫೋಟೋ ಜೊತೆಗಿರಲಿ. ಆ ತಟ್ಟೆ ಮನೆಗೆ ಯಾವಾಗ, ಎಲ್ಲಿಂದ ಬಂತು, ಯಾರು ತಂದರು ಎಂಬುದು ಮನೆಯ ಹಿರಿಯರಿಗೆ ಮಾತ್ರ ತಿಳಿದಿರುತ್ತದೆ. ಅವರು ಹೇಳುವ ಸ್ಥಿತಿಯಲ್ಲಿರುವಾಗಲೇ ಕೇಳಿ ಬರೆದುಕೊಳ್ಳುವುದು ಒಳ್ಳೆಯದು. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ದೂರದಲ್ಲಿರುವ ಮಕ್ಕಳ ಬಳಿ ಇರಲಿ. ಪ್ರತಿ ತೆಗೆದಾಯಿತೆಂದು ತಟ್ಟೆಯನ್ನು ಮಾತ್ರ ಎಸೆಯಬಾರದು. ಫೈಲು ಅಳಿಸಿಹೋದರೆ ಮತ್ತೆ ಕೇಳಬೇಕಾದದ್ದು ಅದನ್ನೇ.

ಕೆಲವು ತಟ್ಟೆಗಳು ತೊಳೆದ ಮೇಲೂ ಕರಕರ ಎನ್ನುತ್ತಲೇ ಇರುತ್ತವೆ. ಅವು ಆ ಮನೆಯಲ್ಲಿ ಅತಿ ಹೆಚ್ಚು ಸಲ ಹಾಡಿದ ತಟ್ಟೆಗಳೆಂದು ತಿಳಿಯಬೇಕು. ಅವನ್ನು ದೂರದೆ, ಮೊತ್ತಮೊದಲು ಅವುಗಳ ಪ್ರತಿಯನ್ನೇ ತೆಗೆದಿಡಿ. ಮುಂದಿನ ಮಳೆಗಾಲಕ್ಕೆ ಮುಂಚೆ ಒಂದು ಆದಿತ್ಯವಾರ ಬಿಡುವು ಮಾಡಿಕೊಂಡು ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದರೆ ಅರ್ಧ ಕೆಲಸ ಆದಂತೆ.